ಸದ್ದು ಸಾಯದ ಕೋಣೆ

ಏಳನೇ ನಂಬರಿನ ಕೋಣೆಯಲ್ಲಿ ಗಣಿತದ ಪಾಠ ಶುರುವಾಗುತ್ತಿದ್ದದ್ದೇ ಹೊಡೆತದಿಂದ. ಟೀಚರು ಒಳಗೆ ಕಾಲಿಟ್ಟವರೇ ಮೂರಡಿಯ ಮರದ ಅಡಿಕೋಲನ್ನು ತಲೆಯ ಮೇಲೆತ್ತಿ ಮೇಜಿಗೆ ಅಪ್ಪಳಿಸುತ್ತಿದ್ದರು. ಚಾಕ್‌ಪೀಸಿನ ಡಬ್ಬಿ ನೆಗೆದು ನೆಲಕ್ಕೆ ಬೀಳುತ್ತಿತ್ತು. ಮುಂದಿನ ಬೆಂಚಿನ ಮಕ್ಕಳು ಏಟು ಬೀಳುವ ಮೊದಲೇ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತಿದ್ದರು. ಗಣಿತಕ್ಕಿಂತ ಮೊದಲು ಕಲಿತದ್ದು ಅದನ್ನೇ. ಹನ್ನೊಂದು ವರ್ಷಗಳಲ್ಲಿ ಹದಿನಾಲ್ಕು ಅಡಿಕೋಲುಗಳು ಹೀಗೆ ವೀರಮರಣ ಹೊಂದಿದ್ದವು. ಒಂದೇ ಒಂದು ಏಟೂ ಯಾವ ಮಗುವಿನ ಮೈಮೇಲೂ ಬಿದ್ದಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲವೂ ಮೇಜಿಗೆ, ಬಾಗಿಲಿಗೆ, ಕರಿಹಲಗೆಗೆ. ಆ ಮೇಜಿಗೆ ಬಾಯಿದ್ದಿದ್ದರೆ ಎಂದೋ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುತ್ತಿತ್ತು. ನಡೆದು ಹೋಗಲು ಕಾಲಂತೂ ನಾಲ್ಕಿದ್ದವು.

ಮಕ್ಕಳು ಅವರಿಗಿಟ್ಟ ಹೆಸರು ಗುಡುಗು ಟೀಚರ್. ಎತ್ತರ ನಾಲ್ಕಡಿ ಹತ್ತಂಗುಲ, ತೂಕ ಒಂದು ಗೋಧಿ ಚೀಲಕ್ಕೂ ಕಡಿಮೆ. ದನಿ ಮಾತ್ರ ಯಾರೋ ಮಹಾಕಾಯನಿಗೆಂದು ಮಾಡಿಸಿಟ್ಟದ್ದು ತಪ್ಪಿ ಇವರಿಗೆ ಬಂದಂತಿತ್ತು. ಮನೆಯಲ್ಲಿ ಗಂಡ ಅವರ ಎಡಗಡೆಯೇ ಕೂರುತ್ತಿದ್ದ, ಎಡಗಡೆಯೇ ಮಲಗುತ್ತಿದ್ದ; ಯಾಕೆಂದರೆ ಅವನ ಬಲಗಿವಿ ಸ್ವಲ್ಪ ಮಂದ. ಇಪ್ಪತ್ತಾರು ವರ್ಷದ ಸುಖಸಂಸಾರದ ಗುಟ್ಟು ಇಷ್ಟೇ.

ಆ ಕೋಣೆಯೋ, ಒಂದು ಕಾಲದಲ್ಲಿ ಸಿಮೆಂಟು ಚೀಲ ತುಂಬಿಡುತ್ತಿದ್ದ ಗೋದಾಮು. ಶಾಲೆಗೆ ಜಾಗ ಸಾಲದೆ ಚೀಲ ಹೊರಹಾಕಿ ಮಕ್ಕಳನ್ನು ತುಂಬಿದ್ದರು. ಹದಿನೆಂಟಡಿ ಎತ್ತರದ ಕಾಂಕ್ರೀಟು ಸೂರು, ಕನ್ನಡಿಯಂತೆ ನುಣ್ಣಗೆ ಗಾರೆ ಮಾಡಿದ ಗೋಡೆ, ಕಲ್ಲಿನ ನೆಲ, ಕಬ್ಬಿಣದ ಬೆಂಚು. ಮೆತ್ತಗಿನದು ಅಂತ ಆ ಕೋಣೆಯಲ್ಲಿ ಇದ್ದದ್ದು ನಲವತ್ತೆಂಟು ಮಕ್ಕಳ ಕೆನ್ನೆ ಮಾತ್ರ. ಟೀಚರು ಒಂದು ಲೆಕ್ಕ ಹೇಳಿದರೆ ಅದು ಗೋಡೆಯಿಂದ ಗೋಡೆಗೆ, ಸೂರಿನಿಂದ ನೆಲಕ್ಕೆ ಗುದ್ದಾಡಿಕೊಂಡು ಹಿಂದಿನ ಬೆಂಚು ತಲುಪುವ ಹೊತ್ತಿಗೆ ಕೈಕಾಲು ಮುರಿದುಕೊಂಡಿರುತ್ತಿತ್ತು. ಹಿಂದಿನ ಬೆಂಚಿನವರು ಉತ್ತರ ಹೇಳುತ್ತಿರಲಿಲ್ಲ. ಟೀಚರು ಅವರನ್ನು ಮರದ ದಿಮ್ಮಿಗಳು ಎನ್ನುತ್ತಿದ್ದರು. ದಿಮ್ಮಿಗಳಿಗೂ ತಾಗಲಿ ಎಂದು ಇನ್ನೂ ಜೋರಾಗಿ ಕೂಗುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಯಾರು ಎಂದು ಕೇಳಿದರೆ ಅವರ ಬೆರಳು ಕಿಟಕಿಯಾಚೆ ತೋರಿಸುತ್ತಿತ್ತು. ಕಿಟಕಿಯ ಹಿಂದೆ ಆರಡಿಯ ಓಣಿ. ಓಣಿಯಾಚೆ ತಗಡಿನ ಟ್ರಂಕು, ಬಕೆಟ್ಟು ಮಾಡುವ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಢಣ್ ಢಣ್. ಆ ಅಂಗಡಿಯ ಯಜಮಾನ ಬೇರೆ ಯಾರೂ ಅಲ್ಲ, ಟೀಚರ ಒಡಹುಟ್ಟಿದ ತಮ್ಮ. ಅಕ್ಕ ಅವನನ್ನು ಕರೆಯುತ್ತಿದ್ದದ್ದು ತಗಡು ಎಂದು. ಅವನ ಆಳೂ ಅವನೇ, ದೊರೆಯೂ ಅವನೇ. ಸುತ್ತಿಗೆ ಎತ್ತಿದನೆಂದರೆ ಓಣಿಯ ಬೆಕ್ಕುಗಳು ಬೇರೆ ಓಣಿ ನೋಡಿಕೊಳ್ಳುತ್ತಿದ್ದವು.

ಇವರಿಬ್ಬರ ಯುದ್ಧಕ್ಕೆ ದೊಡ್ಡ ಚರಿತ್ರೆಯಿದೆ. ಅವಳಿಗೆ ಹತ್ತು, ಅವನಿಗೆ ಎಂಟು ವರ್ಷವಾಗಿದ್ದಾಗ ಅವಳು ಸ್ಲೇಟಿನಿಂದ ಹೊಡೆದು ಅವನ ಮುಂದಿನ ಹಲ್ಲಿನ ಚೂರು ಹಾರಿಸಿದಳು. ಅದಕ್ಕೆ ಅವನು ಎರಡು ವರ್ಷ ಕಾದು, ಅಪ್ಪ ಮಾಡಿದ್ದ ಹೊಸ ಟ್ರಂಕಿನೊಳಗೆ ಅಕ್ಕನನ್ನು ಕೂಡಿಹಾಕಿ, ಚಿಲಕ ಹಾಕಿ, ಮುಚ್ಚಳದ ಮೇಲೆ ಸೌದೆಯಿಂದ ಅರ್ಧ ಗಂಟೆ ಬಾರಿಸಿದ. ಅಪ್ಪ ಬಂದು ಅವನ ಚರ್ಮ ಸುಲಿದ. ಆದರೆ ಮಗ ಯಾವ ಕಸುಬಿಗೆ ತಕ್ಕವನು ಎಂಬುದು ಆ ದಿನವೇ ಗೊತ್ತಾಗಿಹೋಯಿತು. ಅಪ್ಪನ ಅಂಗಡಿ ತಮ್ಮನಿಗೆ ಬಂತು, ಓದು ಅಕ್ಕನಿಗೆ ಬಂತು. ತನಗೆ ಬಂದದ್ದಕ್ಕಿಂತ ಇನ್ನೊಬ್ಬರಿಗೆ ಬಂದದ್ದೇ ಹೆಚ್ಚು ಎಂದು ಇಬ್ಬರೂ ನಂಬಿದ್ದರು.

ಈಚಿನ ನಾಲ್ಕು ವರ್ಷ ಇಬ್ಬರ ನಡುವೆ ಮಾತಿರಲಿಲ್ಲ. ಇದ್ದದ್ದು ಆಯುಧಗಳು ಮಾತ್ರ. ಅಕ್ಕ ಕಿಟಕಿಯಿಂದ ಡಸ್ಟರು ಎಸೆದರೆ, ತಮ್ಮ ಅದರ ಮೇಲೆ ತಗಡು ಸುತ್ತಿ ಭಾರ ಮಾಡಿ ವಾಪಸ್ ಎಸೆಯುತ್ತಿದ್ದ. ಒಂದು ದಿನ, ಭಿನ್ನರಾಶಿಯ ಪಾಠದ ನಡುವೆ, ಟೀಚರ ತಾಳ್ಮೆಯ ಕಟ್ಟೆಯೊಡೆಯಿತು. ಅಡಿಕೋಲು ಹಿಡಿದು, ಕಿಟಕಿ ಹತ್ತಿ, ಓಣಿಗೆ ಧುಮುಕಿ ಅಂಗಡಿಗೆ ನುಗ್ಗಿದರು. ನಲವತ್ತೆಂಟು ಮಕ್ಕಳು ಕಿಟಕಿಗೆ ಅಂಟಿಕೊಂಡರು.

“ಏ ತಗಡು, ನನ್ನ ಪಾಠದ ಹೊತ್ತಲ್ಲೇ ಬೇಕಾ ನಿನಗೆ ಈ ಬಡಿತ?”

“ನೀನು ಕೂಗೋದಕ್ಕೆ ನನ್ನ ಸುತ್ತಿಗೆ ಸದ್ದು ನನಗೇ ಕೇಳಿಸ್ತಿಲ್ಲ. ಅದಕ್ಕೇ ಜೋರಾಗಿ ಹೊಡೀತಿದ್ದೀನಿ.”

“ನಿನ್ನ ಗ್ರಹಚಾರ ಬಿಡಿಸ್ತೀನಿ ಇವತ್ತು!”

“ಬಾ ಬಾ, ಇನ್ನೂ ಆ ಟ್ರಂಕು ಇಟ್ಟಿದ್ದೀನಿ. ಅಳತೆ ಈಗಲೂ ನಿನಗೇ ಸರಿಹೋಗುತ್ತೆ.”

ಹದಿನೈದು ನಿಮಿಷದ ಕಾಳಗ. ಹದಿನಾಲ್ಕನೆಯ ಅಡಿಕೋಲು ಮೂರು ತುಂಡಾಯಿತು. ತಮ್ಮನ ಹುಬ್ಬು ಸೀಳಿ ಅಂಗಿಯ ಕಾಲರಿನವರೆಗೆ ರಕ್ತ ಇಳಿಯಿತು. ಅಕ್ಕನ ಮಣಿಕಟ್ಟು ತಿರುಚಿಹೋಯಿತು. ಹನ್ನೊಂದು ಬಕೆಟ್ಟುಗಳು ಉರುಳಿದವು. ಕೊನೆಗೆ ತಮ್ಮನ ಹೆಂಡತಿ ಒಂದು ಕೊಡ ತಣ್ಣೀರು ತಂದು ಇಬ್ಬರ ಮೇಲೂ ಸುರಿದು, “ಇಬ್ಬರಿಗೂ ಸೇರಿ ನೂರು ವರ್ಷ ಆಯ್ತು, ನಾಚಿಕೆ ಆಗಲ್ವಾ?” ಎಂದು ಬಿಡಿಸಿದಳು. ತಮ್ಮನಿಗೆ ಮೂರು ಹೊಲಿಗೆ ಬಿತ್ತು. ಟೀಚರು ಗೆದ್ದ ಖುಷಿಯಲ್ಲಿ ಕ್ಲಾಸಿಗೆ ಮರಳಿ ಬಾಯಿ ತೆರೆದರೆ ಬಂದದ್ದು ಕಪ್ಪೆಯ ಸದ್ದು. ಉಗುಳಿದರೆ ಕೆಂಪು.

ಗಂಟಲಿನ ಡಾಕ್ಟರು ನಾಲಿಗೆ ಹಿಡಿದೆಳೆದು, ಕನ್ನಡಿ ತುರುಕಿ, ನೋಡಿ, ನಾಲಿಗೆ ಬಿಟ್ಟರು.

“ಒಳಗೆ ಎರಡು ಗಂಟು ಆಗಿದೆ ಅಮ್ಮ. ಒಂದು ತಿಂಗಳು ತುಟಿ ಪಿಟಕ್ ಅನ್ನೋ ಹಾಗಿಲ್ಲ. ಆಮೇಲೂ ಕೂಗಾಡಿದ್ರೆ ಸ್ವರದ ಪೊರೆ ಹರಿದುಹೋಗುತ್ತೆ. ಹರಿದದ್ದನ್ನ ನಾನು ಹೊಲಿಯೋಕಾಗಲ್ಲ.”

ಟೀಚರು ಬೆರಳಲ್ಲಿ ಗಾಳಿಯ ಮೇಲೆ ಒಂದು ಸೊನ್ನೆ ಬರೆದು ಪ್ರಶ್ನೆ ಮಾಡಿದರು.

“ಹೌದು, ಪೂರ್ತಿ ಸೊನ್ನೆ. ಕೂಗೋ ಕೆಲಸ ಬಿಟ್ಟುಬಿಡಿ.”

ನಿವೃತ್ತಿಗೆ ಇನ್ನೂ ಎಂಟು ವರ್ಷವಿತ್ತು. ಕೂಗದೆ ಆ ಕೋಣೆಯಲ್ಲಿ ಪಾಠ ಮಾಡುವುದೆಂದರೆ ಈಜದೆ ಹೊಳೆ ದಾಟಿದಂತೆ. ದನಿಯಿಲ್ಲದ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಹಾಜರಿ ಪುಸ್ತಕಕ್ಕೆ ಗೆರೆ ಎಳೆಯಲು ಕೂರಿಸುತ್ತಾರೆ, ಅಷ್ಟೆ. ಗುಡುಗು ಟೀಚರು ಆ ರಾತ್ರಿ ಸದ್ದಿಲ್ಲದೆ ಅತ್ತರು. ಗಂಡ ಮೊದಲ ಸಲ ಮಗ್ಗುಲು ಬದಲಿಸಿ ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸಿದ. ಕೇಳಲು ಏನೂ ಇರಲಿಲ್ಲ.

ಆಗ ಬಂತು ಇಲಾಖೆಯ ಸುತ್ತೋಲೆ. ಶಾಲೆಯ ಕೋಣೆಗಳ ಸದ್ದಿಗೆ ಇನ್ನು ಮುಂದೆ ಅಳತೆಯುಂಟು. ಖಾಲಿ ಕೋಣೆಯಲ್ಲಿ ಹೊರಗಿನ ಗದ್ದಲ ಮೂವತ್ತೈದು ಡೆಸಿಬೆಲ್ ಮೀರಬಾರದು. ಒಳಗೆ ಹುಟ್ಟಿದ ಸದ್ದು ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು ಹೊತ್ತಿನಲ್ಲಿ, ಅಂದರೆ ಸೊನ್ನೆ ಪಾಯಿಂಟ್ ಆರು ಸೆಕೆಂಡಿನಲ್ಲಿ, ಸಾಯಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೋಣೆ ಫೇಲು. ಫೇಲಾದ ಕೋಣೆಯ ಸೂರಿಗೂ ಗೋಡೆಗೂ ಸದ್ದು ಹೀರುವ ಮೆತ್ತನೆಯ ಹಲಗೆಗಳನ್ನು ಇಲಾಖೆಯೇ ಹೊಡೆಸಿಕೊಡುತ್ತದೆ. ಪಾಸಾದ ಕೋಣೆಯನ್ನು ಇನ್ನು ಹತ್ತು ವರ್ಷ ಯಾರೂ ತಿರುಗಿ ನೋಡುವುದಿಲ್ಲ.

ಟೀಚರು ಅದನ್ನು ನಾಲ್ಕು ಸಲ ಓದಿದರು. ಸದ್ದು ಸಾಯುವ ವಿಷಯ ಅವರ ತಲೆಗೆ ಹೋಗಲಿಲ್ಲ. ಮೂವತ್ತೈದು ಡೆಸಿಬೆಲ್ ಮಾತ್ರ ಚೆನ್ನಾಗಿ ಹೋಯಿತು. ತಗಡಿನ ಒಂದು ಏಟಿಗೆ ಎಂಬತ್ತು! ಸ್ಲೇಟಿನ ಮೇಲೆ ಬರೆದು ಹೆಡ್ಮೇಷ್ಟ್ರಿಗೆ ತೋರಿಸಿದರು: ‘ನನ್ನ ಕೋಣೆ ಫೇಲಾಗಬೇಕು.’

“ಏನ್ ಟೀಚರೇ ಇದು? ಮೂವತ್ತು ವರ್ಷ ಮಕ್ಕಳನ್ನ ಪಾಸ್ ಮಾಡಿ ಮಾಡಿ, ಈಗ ಕೋಣೇನ ಫೇಲ್ ಮಾಡಿ ಅಂತೀರಲ್ಲ. ಶಾಲೆ ಮರ್ಯಾದೆ ಏನಾಗಬೇಕು?” ಹೆಡ್ಮೇಷ್ಟ್ರು ಫೇಲ್ ಎಂಬ ಪದ ಕೇಳಿದರೇ ಬೆವರುವ ಜನ.

ಹೀಗೆ ಜೀವಮಾನದಲ್ಲಿ ಮೊದಲ ಸಲ ಅಕ್ಕ ತಮ್ಮನ ಸುತ್ತಿಗೆಯ ಮೇಲೆ ಭರವಸೆಯಿಟ್ಟಳು. ಅವನಿಗೆ ಹೇಳಿ ಕಳಿಸಲಿಲ್ಲ. ಹೇಳುವುದೇನು, ಅವನು ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿದವನಲ್ಲ. ಹೇಳಿದರೆ ಬೇಕಂತಲೇ ಸುಮ್ಮನೆ ಕೂರುವ ಕುಳ.

ಅಳತೆಯ ದಿನ ಬೆಳಗ್ಗೆ ಹತ್ತಕ್ಕೆ ಮಕ್ಕಳನ್ನೆಲ್ಲ ಮೈದಾನಕ್ಕೆ ಅಟ್ಟಿದರು. ಇಲಾಖೆಯಿಂದ ಬಂದ ಅಳತೆಯವರು ಕಡ್ಡಿಯಂಥ ಮನುಷ್ಯ. ಹೆಗಲಲ್ಲಿ ಪೆಟ್ಟಿಗೆ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು. ಸ್ಟ್ಯಾಂಡಿನ ತುದಿಗೆ ಕಪ್ಪು ಸ್ಪಂಜಿನ ಟೊಪ್ಪಿ ಹಾಕಿದ ಮೈಕು ಸಿಕ್ಕಿಸಿ, ಮೀಟರು ಹಚ್ಚಿದರು. ಹೆಡ್ಮೇಷ್ಟ್ರು ಉಸಿರು ಬಿಗಿಹಿಡಿದರು. ಟೀಚರು ಕಿವಿ ನಿಮಿರಿಸಿ ಕಾದರು.

ಢಣ್ ಎನ್ನಲಿಲ್ಲ.

ಐದು ನಿಮಿಷವಾಯಿತು. ಸೂರಿನಡಿ ಒಂದು ಪಾರಿವಾಳ ಗಂಟಲು ಸರಿಮಾಡಿಕೊಂಡದ್ದು ಬಿಟ್ಟರೆ ಜಗತ್ತೇ ಸತ್ತಂತಿತ್ತು.

“ಮೂವತ್ತಮೂರು,” ಎಂದು ಕಾಗದದಲ್ಲಿ ಬರೆದುಕೊಂಡರು ಅಳತೆಯವರು. “ಇದರಲ್ಲಿ ಪಾಸ್ ಸರ್. ಹಿಂದೆ ಯಾವುದೋ ಅಂಗಡಿ ಇದೆ ಅಂದಿದ್ರಿ, ಬೀಗ ಹಾಕಿರಬೇಕು.”

“ಪಾಸ್!” ಹೆಡ್ಮೇಷ್ಟ್ರು ಚಪ್ಪಾಳೆ ತಟ್ಟಲು ಹೋಗಿ, ಮೀಟರಿಗೆ ಹೆದರಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

ಟೀಚರು ಹಿಂದಿನ ಕಿಟಕಿಗೆ ಓಡಿದರು. ಅಂಗಡಿಗೆ ಬೀಗವೇನೂ ಇರಲಿಲ್ಲ. ತಮ್ಮ ಮಗುಚಿ ಹಾಕಿದ ಟ್ರಂಕಿನ ಮೇಲೆ ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲೂ ಅವನು ಹಾಗೆ ಕುಳಿತದ್ದಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ತುಟಿಗೆ ಬೆರಳಿಟ್ಟು ಕಾವಲು ನಿಂತಿದ್ದಳು. ಆದದ್ದಿಷ್ಟು: ಅಕ್ಕನ ಕೋಣೆಗೆ ಪರೀಕ್ಷೆಯಂತೆ, ಗದ್ದಲ ಹೆಚ್ಚಿದ್ದರೆ ಫೇಲಂತೆ ಎಂದು ಆಕೆ ನಲ್ಲಿಯ ಹತ್ತಿರ ಕೇಳಿ ಬಂದಿದ್ದಳು. ಫೇಲಾದರೆ ಅಕ್ಕನ ಕೆಲಸ ಹೋಗುತ್ತದೆ ಎಂದು ಗಂಡಹೆಂಡಿರು ಸೇರಿ ತೀರ್ಮಾನಿಸಿದ್ದರು. ಅವರ ಮನೆತನದಲ್ಲಿ ಪಾಸು ಒಳ್ಳೆಯದು, ಫೇಲು ಕೆಟ್ಟದ್ದು. ಮೂರನೆಯ ಸಾಧ್ಯತೆ ಯಾರಿಗೂ ಹೊಳೆದಿರಲಿಲ್ಲ.

ಅಕ್ಕನನ್ನು ಕಂಡು ತಮ್ಮ ಮುರುಕು ಹಲ್ಲು ತೋರಿಸಿ ನಕ್ಕ. ಹೆದರಬೇಡ, ಉಸಿರೂ ಬಿಡುವುದಿಲ್ಲ ಎಂಬಂತೆ ಎದೆ ಮುಟ್ಟಿಕೊಂಡ.

ಟೀಚರು ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿ ತೋರಿಸಿದರು: ಹೊಡಿ, ಹೊಡಿಯೋ!

ಸದ್ದು ಮಾಡಿದರೆ ಗುದ್ದುತ್ತೇನೆ ಎನ್ನುತ್ತಿದ್ದಾಳೆಂದು ತಮ್ಮ ತಿಳಿದ. ತಲೆಯಾಡಿಸಿ, ಕಾಲ ಬುಡದಲ್ಲಿದ್ದ ಸುತ್ತಿಗೆಯನ್ನೂ ಇನ್ನಷ್ಟು ದೂರ ಸರಿಸಿದ.

ಟೀಚರು ಡಸ್ಟರು ಎಸೆದರು. ಅದು ನೇರ ಹೋಗಿ ಹುಬ್ಬಿನ ಮೇಲಿನ ಹಳೆಯ ಗಾಯಕ್ಕೇ ಬಡಿಯಿತು. ರಕ್ತ ಚಿಮ್ಮಿತು. ತಮ್ಮ ಮಿಸುಕಲಿಲ್ಲ. ಕರಿಹಲಗೆಯ ಮೇಲೆ ವೃತ್ತ ಎಳೆಯುವ ಮರದ ಕೈವಾರ ಹಾರಿತು. ಅದು ಅವನ ಮೊಣಕಾಲಿಗೆ ನಾಟಿತು. ಅವನು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಅಲುಗದೆ ಕುಳಿತ. ಅಡಿಕೋಲು ಹಾರಿತು, ಚಾಕ್‌ಪೀಸಿನ ಡಬ್ಬಿ ಹಾರಿತು. ಆ ದಿನ ಅವನು ತಿಂದ ಏಟುಗಳನ್ನು ಯುದ್ಧಭೂಮಿಯಲ್ಲಿ ತಿಂದಿದ್ದರೆ ಊರ ನಡುವೆ ಪ್ರತಿಮೆ ನಿಲ್ಲಿಸುತ್ತಿದ್ದರು. ಒಡಹುಟ್ಟಿದವಳ ಕೆಲಸ ಉಳಿಸಲು ತುಟಿ ಬಿಚ್ಚದೆ ರಕ್ತ ಸುರಿಸುತ್ತಿದ್ದ ಅವನನ್ನು ನೋಡಿ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ.

ಇತ್ತ ಕೋಣೆಯ ನಡುವೆ ಅಳತೆಯವರು ಪೆಟ್ಟಿಗೆಯಿಂದ ಒಂದು ಪಿಸ್ತೂಲು ತೆಗೆದರು. ಓಟದ ಪಂದ್ಯದಲ್ಲಿ ಹಾರಿಸುವಂಥದ್ದು, ಗುಂಡಿಲ್ಲದ್ದು, ಬರೀ ಸದ್ದಿನದ್ದು. ಅದನ್ನು ಹಾರಿಸಿ, ಸದ್ದು ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ಮೀಟರಿನಲ್ಲಿ ನೋಡುವುದೇ ಎರಡನೆಯ ಪರೀಕ್ಷೆ. ಹಾರಿಸುವ ಮೊದಲು ಸುತ್ತಲಿನವರಿಗೆಲ್ಲ ತಿಳಿಸಬೇಕೆಂದು ಇಲಾಖೆಯ ನಿಯಮ. ಮುಂದಿನ ಮನೆಗಳಿಗೆ ಹೇಳಿ ಬಂದಿದ್ದರು. ಹಿಂದಿನ ಅಂಗಡಿ ಸದ್ದಿಲ್ಲದ್ದರಿಂದ ಅಲ್ಲಿ ಯಾರೂ ಇಲ್ಲವೆಂದುಕೊಂಡರು.

“ಕಿವಿ ಮುಚ್ಕೊಳ್ಳಿ ಮೇಡಂ,” ಎಂದರು. ಮೇಡಂ ಸೊಂಟದವರೆಗೆ ಕಿಟಕಿಯಾಚೆ ಬಾಗಿ, ಎಸೆಯಲು ಇನ್ನೇನಿದೆ ಎಂದು ಚಪ್ಪಲಿ ಬಿಚ್ಚುತ್ತಿದ್ದರು.

ಢಂ!

ಗೋದಾಮು ಆಕಾಶ ಬಿರಿದಂತೆ ಮೊಳಗಿತು. ಬೆಚ್ಚಿಬಿದ್ದ ಟೀಚರು ಕೈಜಾರಿ ಕಿಟಕಿಯಿಂದ ಹಿಂದಕ್ಕೆ, ಕೋಣೆಯ ನೆಲಕ್ಕೆ ದೊಪ್ಪೆಂದು ಬಿದ್ದರು.

ತಮ್ಮನಿಗೆ ಕಂಡದ್ದು: ಕಿಟಕಿಯಲ್ಲಿ ಅಕ್ಕ, ಗುಂಡಿನ ಸದ್ದು, ಕಿಟಕಿಯಲ್ಲಿ ಅಕ್ಕ ಇಲ್ಲ.

“ಅಕ್ಕನ್ನ ಕೊಂದ್ಬಿಟ್ರು ಕಣೇ!”

ಆರಡಿಯ ಓಣಿಯನ್ನು ಅವನು ಒಂದೇ ನೆಗೆತಕ್ಕೆ ದಾಟಿದ. ಕೈಯಲ್ಲಿ ಐದು ಸೇರಿನ ಸುತ್ತಿಗೆ, ಮುಖದ ತುಂಬ ರಕ್ತ. ಕಿಟಕಿಯಿಂದ ಒಳಗೆ ಬಿದ್ದವನು ಪಿಸ್ತೂಲು ಹಿಡಿದ ಕೈಯನ್ನು ಕಂಡ, ಆ ಕೈಗೆ ಬೀಸಿದ. ಮೊಣಕೈ ಕೆಳಗಿನ ಮೂಳೆ ಲಟಕ್ ಎಂದದ್ದು ಎಲ್ಲರಿಗೂ ಕೇಳಿಸಿತು. ಆ ಕೋಣೆ ಅದನ್ನೂ ಎರಡೆರಡು ಸಲ ಹೇಳಿತು. ಅಳತೆಯವರು ಕಿರುಚಿಕೊಂಡು ಬಿದ್ದರು. ಹೆಡ್ಮೇಷ್ಟ್ರು ಮೇಜಿನಡಿ ನುಸುಳಿದರು. ತಮ್ಮ ಆ ಮೇಜನ್ನೇ ಎತ್ತಿ ಗೋಡೆಗೆ ಬಡಿದ. ಹನ್ನೊಂದು ವರ್ಷ ಏಟು ತಿಂದ ಮೇಜು ಅಂತೂ ಮುಕ್ತಿ ಪಡೆಯಿತು. ಬರಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಉಳಿದ ಹೆಡ್ಮೇಷ್ಟ್ರು ಕಣ್ಣು ಮುಚ್ಚಿಕೊಂಡು, “ನಾನು ಗಣಿತದವನಲ್ಲಪ್ಪಾ, ನಾನು ಬರೀ ಹೆಡ್ಮೇಷ್ಟ್ರು,” ಎಂದರು.

“ಯಾರ್ ಮೇಲೋ ಗುಂಡು ಹಾರಿಸ್ತೀಯ? ಅವಳನ್ನ ಹೊಡೆಯೋಕೆ ನಾನೊಬ್ಬ ಸಾಲದಾ?” ತಮ್ಮ ಅಳತೆಯವರ ಎದೆಯ ಮೇಲೆ ಮಂಡಿಯೂರಿ ಅಂಗಿ ಹಿಡಿದು ಅಲುಗಾಡಿಸಿದ. ಪಕ್ಕದಲ್ಲಿ ಕೆಂಪು ದೀಪ ಮಿಣುಕಿಸುತ್ತ ಮೀಟರು ಕುಳಿತಿತ್ತು. “ಇದೇನು, ಬಾಂಬಾ? ಇದನ್ನೂ ಮುಗಿಸ್ತೀನಿ!” ಎಂದು ಸುತ್ತಿಗೆ ತಲೆಯ ಮೇಲೆತ್ತಿದ.

ನೆಲದ ಮೇಲೆ ಕುಳಿತಿದ್ದ ಟೀಚರಿಗೆ ಮೀಟರಿನ ಮುಖ ಕಾಣುತ್ತಿತ್ತು. ಎರಡು ಪಾಯಿಂಟ್ ಒಂದು. ಇರಬೇಕಾದದ್ದು ಸೊನ್ನೆ ಪಾಯಿಂಟ್ ಆರು. ಗಣಿತದ ಟೀಚರಿಗೆ ಅಷ್ಟು ಲೆಕ್ಕ ಸಾಕಿತ್ತು: ಕೋಣೆ ಫೇಲಾಗಿದೆ. ಆ ಫೇಲು ಬರೆದದ್ದು ಆ ಡಬ್ಬಿಯೊಳಗೆ ಮಾತ್ರ. ಸುತ್ತಿಗೆ ಇಳಿದರೆ ಉಳಿಯುವುದು ಮೂವತ್ತಮೂರು ಡೆಸಿಬೆಲಿನ ಪಾಸು, ಇನ್ನು ಹತ್ತು ವರ್ಷ ಇದೇ ಗೋದಾಮು. ಕೂಗಿದರೆ ದನಿ ಹೋಗುತ್ತದೆ. ಕೂಗದಿದ್ದರೆ ಕೋಣೆ ಹೋಗುತ್ತದೆ. ಯೋಚಿಸಲು ಅರ್ಧ ಸೆಕೆಂಡೂ ಇರಲಿಲ್ಲ.

“ನಿಲ್ಲಿಸೋ ತಗಡೂ!”

ಇಪ್ಪತ್ತೊಂದು ದಿನ ಕೂಡಿಟ್ಟ ಗುಡುಗು. ಮೈದಾನದಲ್ಲಿದ್ದ ಮಕ್ಕಳು ಆಡುವುದು ಬಿಟ್ಟು ಸಾಲಾಗಿ ನಿಂತರು. ಪಾರಿವಾಳ ಹಾರಿಹೋಯಿತು. ಸುತ್ತಿಗೆ ಗಾಳಿಯಲ್ಲೇ ನಿಂತಿತು. ಕೂಗು ಗೋಡೆಗೆ ಬಡಿದು, ಸೂರಿಗೆ ಬಡಿದು, ಮತ್ತೆ ಮತ್ತೆ ಕೂಗಿದವಳ ಕಿವಿಗೇ ಬಂದು ಅಪ್ಪಳಿಸಿತು. ಅವರ ಗಂಟಲಿನೊಳಗೆ ಹಳೆಯ ಬಟ್ಟೆ ಹರಿದಂತೆ ಏನೋ ಪರ್ ಎಂದಿತು. ಆಮೇಲೆ ಅವರು ಬಾಯಿ ಆಡಿಸಿದರೂ ಏನೂ ಬರಲಿಲ್ಲ.

“ಅಕ್ಕಾ... ಬದುಕಿದ್ದೀಯಾ?” ತಮ್ಮ ಸುತ್ತಿಗೆ ಬಿಟ್ಟ. ಅದು ಹೆಡ್ಮೇಷ್ಟ್ರ ಕಾಲ್ಬೆರಳ ಮೇಲೆ ಬಿತ್ತು. ಆ ಸದ್ದನ್ನು ಯಾರೂ ಅಳೆಯಲಿಲ್ಲ.

ಅಳತೆಯವರು ನೆಲದಲ್ಲಿ ತೆವಳಿ, ಮುರಿಯದ ಕೈಯಿಂದ ಮೀಟರನ್ನು ಎದೆಗವಚಿಕೊಂಡರು. ನೋವಿನಲ್ಲೂ ಕಸುಬು ಬಿಡದ ಮನುಷ್ಯ.

“ಎರಡು ಪಾಯಿಂಟ್ ಒಂದು... ಇಷ್ಟು ಕೆಟ್ಟ ಕೋಣೆ ನಾನು ಕಂಡೇ ಇಲ್ಲ,” ಎಂದರು, ಒಂದು ಥರ ಭಕ್ತಿಯಿಂದ. “ಮೇಡಂ, ಇಲ್ಲಿ ಒಂದು ಮಾತು ಸಾಯೋದರೊಳಗೆ ಅದರ ಮೇಲೆ ಇನ್ನು ಹತ್ತು ಮಾತು ಬಿದ್ದಿರುತ್ತೆ. ಹಿಂದಿನ ಬೆಂಚಿಗೆ ಬರೀ ಗದ್ದಲ ಹೋಗುತ್ತೆ. ಜೋರಾಗಿ ಕೂಗಿದಷ್ಟೂ ಜೋರಾದ ಗದ್ದಲ. ಹಿಂದಿನ ಅಂಗಡಿ ಇರಲಿ ಬಿಡಲಿ, ನೀವು ಇಷ್ಟು ವರ್ಷ ಗುದ್ದಾಡಿರೋದು ನಿಮ್ಮ ದನಿ ಜೊತೇನೇ.”

ರಕ್ತ ಒರೆಸಿಕೊಳ್ಳುತ್ತ ತಮ್ಮ, “ನಾನು ಹೇಳಲಿಲ್ವಾ?” ಎಂದ. ಅಕ್ಕ ಕೈಯಲ್ಲಿ ಉಳಿದಿದ್ದ ಚಪ್ಪಲಿಯಿಂದ ಅವನ ತಲೆಗೆ ಒಂದು ಬಿಟ್ಟಳು. ಆಮೇಲೆ ಆ ತಲೆಯನ್ನೇ ಹಿಡಿದು ಎದೆಗೊತ್ತಿಕೊಂಡು ಕುಳಿತಳು, ಸೀರೆಯೆಲ್ಲ ಕೆಂಪಾಗುವವರೆಗೆ.

ಪೊಲೀಸರು ಬರಲಿಲ್ಲ. ಸುತ್ತಲಿನವರಿಗೆ ತಿಳಿಸದೆ ಪಿಸ್ತೂಲು ಹಾರಿಸಿದ್ದು ತಮ್ಮದೇ ತಪ್ಪಾದ್ದರಿಂದ ಅಳತೆಯವರು ಬೆಂಚು ತಾಗಿ ಕೈ ಮುರಿಯಿತೆಂದು ಬರೆದುಕೊಂಡರು. ಎಡಗೈಯಲ್ಲಿ ಬರೆದ ವರದಿ ಸೊಟ್ಟಗಿದ್ದರೂ ‘ಫೇಲ್’ ಎಂಬುದು ಸ್ಪಷ್ಟವಾಗಿತ್ತು. ರಜೆಯಲ್ಲಿ ಸೂರಿಗೂ ಹಿಂದಿನ ಗೋಡೆಗೂ ದಪ್ಪನೆಯ ಮೆತ್ತನೆಯ ಹಲಗೆ ಬಂತು, ಕಿಟಕಿಗೆ ಎರಡು ಪದರದ ಗಾಜು ಬಂತು.

ಡಾಕ್ಟರು ಮತ್ತೆ ಕನ್ನಡಿ ತುರುಕಿ ನೋಡಿದರು. ಒಂದು ಕಡೆಯ ಪೊರೆ ಅಲುಗುತ್ತಿರಲಿಲ್ಲ. ಗುಡುಗು ಹೋಗಿತ್ತು. ಎರಡು ತಿಂಗಳಿಗೆ ಉಳಿದು ಬಂದದ್ದು ಗಾಳಿ ಬೆರೆತ ಒಂದು ಸಣ್ಣ ದನಿ, ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು. “ಇಷ್ಟೇ ಇನ್ನು. ಇದನ್ನೂ ಕೂಗಿ ಕಳ್ಕೊಬೇಡಿ,” ಎಂದರು.

ರಜೆ ಮುಗಿದ ಮೊದಲ ದಿನ ಟೀಚರು ಏಳನೇ ಕೋಣೆಗೆ ಹೊಕ್ಕರು. ಹೊಸ ಮೇಜು, ಹೊಸ ಅಡಿಕೋಲು. ಹಳೆಯ ಅಭ್ಯಾಸ, ತಲೆಯ ಮೇಲೆತ್ತಿ ಅಪ್ಪಳಿಸಿದರು. ಡಪ್. ಅಷ್ಟೇ. ಚಪ್ಪಲಿಯಡಿ ಸಿಕ್ಕ ಜಿರಲೆಯ ಹಾಗೆ ಸದ್ದು ಬಿದ್ದಲ್ಲೇ ಸತ್ತಿತು. ಟೀಚರಿಗೆ ಒಂದು ಕ್ಷಣ ಭಾರೀ ನಿರಾಸೆಯಾಯಿತು. ಮುಂದಿನ ಬೆಂಚಿನವರು ಮುಚ್ಚಿದ್ದ ಕಣ್ಣು ತೆರೆದರು.

ಕರಿಹಲಗೆಯ ಮೇಲೆ ಒಂದು ಗುಣಾಕಾರ ಬರೆದು, ಆ ಸಣ್ಣ ದನಿಯಲ್ಲೇ, ಬಾಯಿಗೆ ಕೈ ಕೂಡ ಅಡ್ಡ ಹಿಡಿಯದೆ, ಒಂದೊಂದೇ ಹೆಜ್ಜೆ ಹೇಳುತ್ತ ಬಿಡಿಸಿದರು. ಯಾರಿಗೂ ಕೇಳಿಸಿರಲಾರದು ಎಂದುಕೊಂಡರು. ಹಾಗಾದರೆ ಹಾಜರಿ ಪುಸ್ತಕದ ಗೆರೆಗಳೇ ಗತಿ.

ಕೊನೆಯ ಬೆಂಚಿನಲ್ಲಿ ಒಂದು ದಿಮ್ಮಿ ಎದ್ದು ನಿಂತಿತು. ಕಳೆದ ವರ್ಷ ನೂರಕ್ಕೆ ಹನ್ನೊಂದು ತೆಗೆದಿದ್ದ ಹುಡುಗಿ.

“ಟೀಚರ್, ನೀವು ಏಳು ದಶಕ ಮುಂದಿನ ಸಾಲಿಗೆ ಅಂತ ಬಾಯಲ್ಲಿ ಹೇಳಿದ್ರಿ, ಆದ್ರೆ ಕೂಡಿಸೋದು ಬಿಟ್ಬಿಟ್ರಿ. ಉತ್ತರ ತಪ್ಪು.”

ಟೀಚರು ಹಲಗೆ ನೋಡಿದರು. ಲೆಕ್ಕ ಹಾಕಿದರು. ತಪ್ಪಾಗಿತ್ತು. ಕೈಯಲ್ಲಿದ್ದ ಹೊಸ ಅಡಿಕೋಲನ್ನು ಎರಡೂ ತುದಿ ಹಿಡಿದು, ಕಾಲೆತ್ತಿ, ಮಂಡಿಯ ಮೇಲೆ ಬಡಿದು, ಖುಷಿಗೆ ಎರಡು ತುಂಡು ಮಾಡಿದರು. ಹದಿನೈದನೆಯದು. ಅದರ ಸದ್ದು ಸಾಯಲು ಅರ್ಧ ಸೆಕೆಂಡೂ ಹಿಡಿಯಲಿಲ್ಲ.